ಕಳ್ಳಿಹಣ್ಣಿನ ಜೆಲ್ಲಿ ಏಕೆ ಗಟ್ಟಿಯಾಗಲಿಲ್ಲ?

ಪ್ರಶ್ನೆ: ನಾವು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿದ್ದೇವೆ. ನಮ್ಮ ಹಿತ್ತಲಿನ ಪಾಪಸುಕಳ್ಳಿ ಈ ಸಲ ಮೈತುಂಬ ಹಣ್ಣು ಬಿಟ್ಟಿತ್ತು. ಹಣ್ಣನ್ನು ಬೇಯಿಸಿ, ಹಿಂಡಿ, ಸೋಸಿ ತೆಗೆದ 5 ಕಪ್ ರಸಕ್ಕೆ 4 ಕಪ್ ಸಕ್ಕರೆ, ಜೆಲ್ಲಿಯನ್ನು ಗಟ್ಟಿಯಾಗಿಸುವ ಪೆಕ್ಟಿನ್ ಪುಡಿ ಎರಡು ಪೊಟ್ಟಣ ಮತ್ತು ಅರ್ಧ ನಿಂಬೆಹಣ್ಣಿನ ರಸ ಹಾಕಿ ಅರ್ಧ ಗಂಟೆ ಕುದಿಸಿದೆ. ಜೆಲ್ಲಿ ಗಟ್ಟಿಯಾಗದೆ ಪಾನಕದಂತೆ ಉಳಿಯಿತು, ಬಣ್ಣವೂ ಕಂದಿತು. ಮೂರು ವಾರದಿಂದ ನಾಲ್ಕು ಬಾಟಲಿ ಕಪಾಟಿನಲ್ಲಿವೆ, ಎರಡು ಫ್ರಿಜ್ಜಿನಲ್ಲಿವೆ. ಅವನ್ನು ಸರಿಪಡಿಸಬಹುದೆ? ರುಚಿ ನೋಡಿದಾಗ ನಾಲಗೆಗೆ ಸಣ್ಣ ಮುಳ್ಳು ಚುಚ್ಚಿತು. ಅದನ್ನು ತಪ್ಪಿಸುವುದು ಹೇಗೆ? ಚಳ್ಳಕೆರೆಯಲ್ಲಿರುವ ನಮ್ಮ ಅತ್ತೆಯವರು ತಮ್ಮ ಹೊಲದ ಬದುವಿನಲ್ಲಿರುವ ಕಳ್ಳಿಹಣ್ಣಿನಿಂದ ಇದನ್ನೇ ಮಾಡಬೇಕೆಂದಿದ್ದಾರೆ, ಅದು ಸಾಧ್ಯವೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರಿಸುವ ಮೊದಲು ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಕಪಾಟಿನಲ್ಲಿಟ್ಟ ನಾಲ್ಕು ಬಾಟಲಿಗಳನ್ನು ದಯವಿಟ್ಟು ತೆರೆಯಬೇಡಿ, ರುಚಿ ನೋಡಬೇಡಿ. ಹಾಗೆಯೇ ಒಂದು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಇಷ್ಟು ಶ್ರಮಪಟ್ಟು ಮಾಡಿದ್ದನ್ನು ಚೆಲ್ಲಿ ಎಂದು ಹೇಳುವುದು ನನಗೂ ಕಷ್ಟವೇ. ಆದರೆ ಜೆಲ್ಲಿ ಗಟ್ಟಿಯಾಗದಿರುವುದಕ್ಕೆ ಯಾವುದು ಕಾರಣವೋ ಅದೇ ಅವುಗಳನ್ನು ಅಪಾಯಕಾರಿಯನ್ನಾಗಿಯೂ ಮಾಡಿರಬಹುದು. ಆ ಕಾರಣ ಹುಳಿಯ ಕೊರತೆ.

ಕಳ್ಳಿಹಣ್ಣಿನ ಕಡುಗೆಂಪು ಬಣ್ಣವನ್ನು ಕಂಡವರಿಗೆ ಅದು ನೇರಳೆಯಂತೆ, ದ್ರಾಕ್ಷಿಯಂತೆ ತಕ್ಕಮಟ್ಟಿಗೆ ಹುಳಿಯಿರುವ ಹಣ್ಣೆಂದು ತೋರುವುದು ಸಹಜ. ವಾಸ್ತವದಲ್ಲಿ ನಿಮ್ಮ ಕಡೆಯ ಕಳ್ಳಿಹಣ್ಣಿನಲ್ಲಿ ಸಿಹಿಯಿದೆ, ಕಲ್ಲಂಗಡಿಯನ್ನು ನೆನಪಿಸುವ ಪರಿಮಳವಿದೆ, ಹುಳಿ ಮಾತ್ರ ಬಹಳ ಕಡಿಮೆ. ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ ನಿಂಬೆರಸ 2ರ ಆಸುಪಾಸಿನಲ್ಲಿದ್ದರೆ ಇಂಥ ಕಳ್ಳಿಹಣ್ಣಿನ ರಸ ಸಾಮಾನ್ಯವಾಗಿ 5ಕ್ಕಿಂತ ಮೇಲೆ, ಕೆಲವೊಮ್ಮೆ 6ಕ್ಕಿಂತಲೂ ಮೇಲೆ ಇರುತ್ತದೆ. ಅಂಕಿ ಏರಿದಷ್ಟೂ ಹುಳಿ ಕಡಿಮೆ ಎಂದರ್ಥ. ಮುಚ್ಚಿದ ಬಾಟಲಿಯೊಳಗೆ, ಗಾಳಿಯಿಲ್ಲದ ಕಡೆ ಬೆಳೆದು ಬಾಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ತರುವ ವಿಷವನ್ನುಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಸಾಮಾನ್ಯ ಕುದಿತಕ್ಕೆ ಸಾಯುವುದಿಲ್ಲ. ಅವು ಮೊಳೆಯದಂತೆ ತಡೆಯುವುದು 4.6ಕ್ಕಿಂತ ಕೆಳಗಿನ ಪಿಎಚ್, ಅಂದರೆ ಸಾಕಷ್ಟು ಹುಳಿ. ಸಾಮಾನ್ಯ ಜೆಲ್ಲಿಯಲ್ಲಿ ದಟ್ಟವಾದ ಸಕ್ಕರೆಯೂ ಜೊತೆಗೂಡಿ ಕಾಯುತ್ತದೆ. ನೀವು ಅರ್ಧ ನಿಂಬೆಹಣ್ಣನ್ನು 5 ಕಪ್ ರಸಕ್ಕೆ ಹಿಂಡಿದ್ದೀರಿ, ಸಕ್ಕರೆಯನ್ನೂ ಇಳಿಸಿದ್ದೀರಿ. ಹೀಗಾಗಿ ಎರಡು ಕಾವಲೂ ಸಡಿಲಗೊಂಡಿವೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇರಬೇಕೆಂದಿಲ್ಲ, ಆದ್ದರಿಂದ ನೋಡಿ, ಮೂಸಿ ತೀರ್ಮಾನಿಸುವ ನಮ್ಮ ಅಡುಗೆಮನೆಯ ಅನುಭವ ಇಲ್ಲಿ ನೆರವಿಗೆ ಬರುವುದಿಲ್ಲ.

ಫ್ರಿಜ್ಜಿನಲ್ಲಿಟ್ಟ ಎರಡು ಬಾಟಲಿಗಳ ಮಾತು ಬೇರೆ, ಏಕೆಂದರೆ ಆ ತಂಪಿನಲ್ಲಿ ಈ ಸೂಕ್ಷ್ಮಜೀವಿ ಬೆಳೆಯುವ ಸಂಭವ ತೀರ ಕಡಿಮೆ. ಅವುಗಳಲ್ಲಿ ಬೂಷ್ಟು, ನೊರೆ, ಹುದುಗಿದ ವಾಸನೆ ಯಾವುದೂ ಇಲ್ಲದಿದ್ದರೆ, ಮತ್ತೊಮ್ಮೆ ಮೂರು ಪದರ ಬಟ್ಟೆಯಲ್ಲಿ ಸೋಸಿ, ಧಾರಾಳವಾಗಿ ನಿಂಬೆರಸ ಬೆರೆಸಿ ಒಂದು ಕುದಿ ಬರಿಸಿ, ಶರಬತ್ತಿಗೆಂದು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಬಳಸಬಹುದು ಅಥವಾ ಫ್ರೀಜರಿನಲ್ಲಿಡಬಹುದು. ಅದನ್ನು ಮತ್ತೆ ಜೆಲ್ಲಿ ಮಾಡಲು ಹೊರಡುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಅರ್ಧ ಗಂಟೆಯ ಕುದಿತದಲ್ಲಿ ಪೆಕ್ಟಿನ್ ತನ್ನ ಕಸುವನ್ನು ಬಹುಪಾಲು ಕಳೆದುಕೊಂಡಿರುತ್ತದೆ, ಬಣ್ಣವಂತೂ ಮರಳಿ ಬರುವುದಿಲ್ಲ.

ಜೆಲ್ಲಿ ಕಟ್ಟುವ ಬಗೆಯನ್ನು ಒಮ್ಮೆ ಅರ್ಥಮಾಡಿಕೊಂಡರೆ ಎಲ್ಲಿ ತಪ್ಪಿತೆಂಬುದು ತಾನಾಗಿ ತಿಳಿಯುತ್ತದೆ. ಪೆಕ್ಟಿನ್ ಎಂಬುದು ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಉದ್ದನೆಯ ಸರಪಳಿಯಂಥ ವಸ್ತು. ನೀರಿನಲ್ಲಿ ಕರಗಿದಾಗ ಈ ಸರಪಳಿಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ, ಸುತ್ತಲೂ ನೀರನ್ನು ಹೊದ್ದುಕೊಂಡು ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಹುಳಿ ಸೇರಿದಾಗ ಆ ವಿದ್ಯುದಂಶ ತಗ್ಗಿ ಸರಪಳಿಗಳು ಹತ್ತಿರ ಬರಲು ಸಾಧ್ಯವಾಗುತ್ತದೆ. ಸಕ್ಕರೆ ಅವುಗಳನ್ನು ಹೊದ್ದಿರುವ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆಗ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಉಳಿದ ರಸವನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಈ ಹೆಣಿಗೆ ಚೆನ್ನಾಗಿ ಕೂಡುವುದು ಪಿಎಚ್ ಸುಮಾರು 3ರಿಂದ 3.4ರವರೆಗೆ ಇರುವಾಗ, ಸಕ್ಕರೆಯ ಅಂಶ ನೂರಕ್ಕೆ 60ರ ಆಸುಪಾಸಿನಲ್ಲಿರುವಾಗ. ಹುಳಿಯೇ ಇಲ್ಲದ ಕಡೆ ಎರಡರ ಬದಲು ನಾಲ್ಕು ಪೊಟ್ಟಣ ಪೆಕ್ಟಿನ್ ಸುರಿದಿದ್ದರೂ ನಿಮ್ಮ ಜೆಲ್ಲಿ ಕಟ್ಟುತ್ತಿರಲಿಲ್ಲ. ಕಳ್ಳಿಯ ರಸದಲ್ಲಿರುವ ಲೋಳೆಯನ್ನು ಕಂಡು, ಇದು ತಾನಾಗಿಯೇ ಗಟ್ಟಿಯಾಗುತ್ತದೆ ಎಂದು ನಂಬುವವರೂ ಇದ್ದಾರೆ. ಆ ಲೋಳೆ ಬೇರೆ ಜಾತಿಯ ವಸ್ತು. ರಸವನ್ನು ಜಿಗುಟಾಗಿಸುತ್ತದೆಯೇ ಹೊರತು ಜೆಲ್ಲಿಯನ್ನು ಕಟ್ಟಿಕೊಡುವುದಿಲ್ಲ.

ಸಿಹಿ ಕಡಿಮೆಯಿರಲೆಂದು ನೀವು ಸಕ್ಕರೆ ಇಳಿಸಿದ್ದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಸಾಮಾನ್ಯ ಪೆಕ್ಟಿನ್ ಬಳಸುವಾಗ ಸಕ್ಕರೆ ಕೇವಲ ರುಚಿಯ ವಿಷಯವಾಗಿ ಉಳಿಯುವುದಿಲ್ಲ. ಭಾರತದ ಆಹಾರ ಮಾನದಂಡಗಳೂ ಜೆಲ್ಲಿಯಲ್ಲಿ ಕರಗಿದ ಘನಾಂಶ, ಎಂದರೆ ಬಹುಮಟ್ಟಿಗೆ ಸಕ್ಕರೆ, ನೂರಕ್ಕೆ 65ರಷ್ಟಾದರೂ ಇರಬೇಕೆಂದು ಹೇಳುತ್ತವೆ. ಕಡಿಮೆ ಸಕ್ಕರೆಯ ಜೆಲ್ಲಿಯೇ ಬೇಕೆಂದರೆ, ಸುಣ್ಣದ ಅಂಶದ ನೆರವಿನಿಂದ ಕಟ್ಟುವ ಬೇರೆ ಬಗೆಯ ಪೆಕ್ಟಿನ್ ನಿಮ್ಮಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಪೊಟ್ಟಣದ ಮೇಲಿನ ಅಳತೆಯನ್ನೇ ಅನುಸರಿಸಬೇಕು. ಪ್ರಸಂಗವಶಾತ್ ಇನ್ನೊಂದು ಮಾತು: ಕಳ್ಳಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಮಾತು ಮುಖ್ಯವಾಗಿ ಅದರ ಹಸಿರು ದಂಟಿನ ಪಲ್ಯಕ್ಕೆ ಸಂಬಂಧಿಸಿದ್ದು. ಮೆಕ್ಸಿಕೋದ ಜನ ಅದನ್ನು ನೊಪಾಲ್ ಎಂದು ಕರೆದು ತರಕಾರಿಯಂತೆ ತಿನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಆಗಿರುವ ಜೆಲ್ಲಿಗೆ ಆ ಗುಣವನ್ನು ಆರೋಪಿಸುವುದು ಸರಿಯಲ್ಲ.

ಇನ್ನು ಮುಳ್ಳಿನ ವಿಚಾರ. ಕಳ್ಳಿಯ ಉದ್ದ ಮುಳ್ಳು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ಭಯವಿಲ್ಲ. ಹಣ್ಣಿನ ಮೈಮೇಲಿನ ಚುಕ್ಕೆಚುಕ್ಕೆಗಳಲ್ಲಿ ಗೊಂಚಲಾಗಿ ನಿಂತಿರುವ ಕೂದಲಿನಂಥ ಸೂಕ್ಷ್ಮ ಮುಳ್ಳುಗಳೇ ನಿಜವಾದ ತೊಂದರೆ. ನಸುಗುನ್ನಿ ಕಾಯಿಯ ಸುಂಕನ್ನು ಮುಟ್ಟಿ ಬಲ್ಲವರಿಗೆ ಇದರ ಕಾಟವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇವುಗಳ ತುದಿಯಲ್ಲಿ ಗಾಳದಂಥ ಹಿಮ್ಮುಖ ಕೊಕ್ಕೆಗಳಿರುವುದರಿಂದ ಒಮ್ಮೆ ಹೊಕ್ಕರೆ ಸುಲಭವಾಗಿ ಹೊರಬರುವುದಿಲ್ಲ. ಹಣ್ಣನ್ನು ಕೈಯಿಂದ ಮುಟ್ಟದೆ ಉದ್ದನೆಯ ಇಕ್ಕಳದಲ್ಲಿ ಹಿಡಿದು ತಿರುಚಿ ಕೀಳಬೇಕು. ಪೂರ್ತಿ ಮಾಗಿದ ಹಣ್ಣು ಹೆಚ್ಚು ಬಲವಿಲ್ಲದೆ ಬಿಡುತ್ತದೆ. ಗಾಳಿ ಬೀಸುವ ಹೊತ್ತು ಬೇಡ. ಬಟ್ಟೆಯ ಕೈಗವಸನ್ನಂತೂ ತೊಡಲೇಬೇಡಿ, ಅದರಲ್ಲಿ ಮುಳ್ಳು ಸಿಕ್ಕಿಕೊಂಡು ಮುಂದಿನ ಸಲ ತೊಟ್ಟಾಗಲೂ ಚುಚ್ಚುತ್ತದೆ. ಚರ್ಮಕ್ಕೆ ಹೊಕ್ಕರೆ ಉಜ್ಜದೆ, ಮೊದಲು ಚಿಮುಟದಿಂದ ಕಂಡಷ್ಟನ್ನು ತೆಗೆದು, ಆಮೇಲೆ ಮಕ್ಕಳು ಶಾಲೆಯಲ್ಲಿ ಬಳಸುವ ಬಿಳಿ ಅಂಟನ್ನು ಬಳಿದು, ಮೇಲೆ ತೆಳು ಬ್ಯಾಂಡೇಜ್ ಬಟ್ಟೆ ಹಾಸಿ, ಒಣಗಿದ ಬಳಿಕ ಒಮ್ಮೆಲೇ ಎಳೆದರೆ ಉಳಿದವುಗಳಲ್ಲಿ ಬಹುಪಾಲು ಹೊರಬರುತ್ತವೆ.

ಮುಳ್ಳನ್ನು ಹಣ್ಣಿನಿಂದ ತೆಗೆಯಲು ಹಲವರು ಒಲೆಯ ಉರಿಯಲ್ಲಿ ಸುಡುತ್ತಾರೆ, ಕೆಲವರು ಗಟ್ಟಿ ಬ್ರಷ್ಷಿನಿಂದ ನೀರಿನಲ್ಲಿ ಉಜ್ಜುತ್ತಾರೆ. ಎರಡೂ ನಡೆಯುತ್ತವೆ, ಆದರೆ ಬುಟ್ಟಿಗಟ್ಟಲೆ ಹಣ್ಣಿರುವಾಗ ಒಂದೊಂದನ್ನೂ ಹೀಗೆ ಮಾಡುವುದು ದೊಡ್ಡ ಕೆಲಸ. ನಿಮ್ಮ ಸುತ್ತಮುತ್ತಲಿನವರೇ ಬಳಸುವ ಇನ್ನೊಂದು ಉಪಾಯವನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಇಕ್ಕಳದಲ್ಲಿ ಹಿಡಿದು ಹಣ್ಣನ್ನು ಚೆನ್ನಾಗಿ ತೊಳೆದು, ಸಿಪ್ಪೆಸಹಿತ ಫ್ರೀಜರಿನಲ್ಲಿ ಒಂದೆರಡು ದಿನ ಕಲ್ಲಾಗಿಸಿ, ಆಮೇಲೆ ಒಂದು ಜರಡಿಯಲ್ಲಿ ಮೂರು ನಾಲ್ಕು ಪದರ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಹಣ್ಣನ್ನಿಟ್ಟು, ಕೆಳಗೊಂದು ಪಾತ್ರೆಯಿರಿಸಿ ಫ್ರಿಜ್ಜಿನಲ್ಲಿ ಕರಗಲು ಬಿಡಬೇಕು. ಹೆಪ್ಪುಗಟ್ಟುವಾಗ ನೀರು ಹಿಗ್ಗಿ ಹಣ್ಣಿನ ಕೋಶಗಳು ಒಡೆದಿರುವುದರಿಂದ, ಕರಗುತ್ತ ಬಂದಂತೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ಸೌಟಿನ ಹಿಂಬದಿಯಿಂದ ಮೆಲ್ಲನೆ ಒತ್ತಿದರೆ ಸಾಕು. ಬಟ್ಟೆಯನ್ನು ಕೈಯಲ್ಲಿ ಹಿಂಡಬೇಡಿ. ಹಿಂಡಿದರೆ ಕೈಗೂ ಮುಳ್ಳು, ರಸಕ್ಕೂ ಮುಳ್ಳು. ನಿಮ್ಮ ನಾಲಗೆಗೆ ಚುಚ್ಚಿದ್ದು ಬಹುಶಃ ಹೀಗೆ ಬಟ್ಟೆಯನ್ನು ದಾಟಿ ಬಂದದ್ದು. ಬಂದ ರಸವನ್ನು ಫ್ರಿಜ್ಜಿನಲ್ಲಿ ಒಂದು ರಾತ್ರಿ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಕಾಫಿ ಸೋಸುವ ಕಾಗದದ ಮೂಲಕ ಮತ್ತೊಮ್ಮೆ ಸೋಸಿ, ತಳದಲ್ಲಿ ಕೂತ ಚರಟವನ್ನು ಚೆಲ್ಲಿಬಿಡಿ. ಮಿಕ್ಸಿಯಲ್ಲಿ ರುಬ್ಬುವವರೂ ಇದ್ದಾರೆ. ಬೀಜಗಳು ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಅವು ನುರಿದು ರಸ ಮರಳುಮರಳಾಗುತ್ತದೆ.

ಬೇಯಿಸದೆ ತೆಗೆದ ರಸದ ಮತ್ತೊಂದು ಲಾಭ ಅದರ ಬಣ್ಣ. ಕಳ್ಳಿಹಣ್ಣಿನ ಕೆಂಪು ದ್ರಾಕ್ಷಿ, ನೇರಳೆಗಳ ಕೆಂಪಿನ ಬಗೆಯದಲ್ಲ. ಅದು ಬೀಟ್‌ರೂಟಿನಲ್ಲಿರುವ ಬೀಟಲೇನ್ ಎಂಬ ವರ್ಗಕ್ಕೆ ಸೇರಿದ್ದು. ನಿಂಬೆರಸ ಹಾಕಿದರೆ ಈ ಬಣ್ಣ ಕೆಡುವುದಿಲ್ಲ, ಆದರೆ ದೀರ್ಘ ಕುದಿತವನ್ನು ಅದು ಸಹಿಸುವುದಿಲ್ಲ. ನೀವು ಹಣ್ಣನ್ನು ಒಮ್ಮೆ ಬೇಯಿಸಿ, ರಸವನ್ನು ಮತ್ತೆ ಅರ್ಧ ಗಂಟೆ ಕುದಿಸಿದ್ದರಿಂದ ಅದು ಕಂದಿದೆ. ಜೆಲ್ಲಿ ತಿಂದ ಮರುದಿನ ಮೂತ್ರದಲ್ಲಿ ಕೆಂಪು ಛಾಯೆ ಕಂಡರೆ ಗಾಬರಿಯಾಗಬೇಡಿ, ಬೀಟ್‌ರೂಟ್ ತಿಂದಾಗಲೂ ಕೆಲವರಿಗೆ ಹಾಗಾಗುತ್ತದೆ.

ಈಗ ಮಾಡುವ ಕ್ರಮಕ್ಕೆ ಬರೋಣ. ಎರಡೂವರೆ ಕಪ್, ಅಂದರೆ ಸುಮಾರು 600 ಮಿಲಿಲೀಟರ್ ಸೋಸಿದ ರಸಕ್ಕೆ 49 ಗ್ರಾಂನ ಒಂದು ಪೊಟ್ಟಣ ಪೆಕ್ಟಿನ್ ಪುಡಿ, 60 ಮಿಲಿಲೀಟರ್ ನಿಂಬೆರಸ, ಮೂರೂವರೆ ಕಪ್ ಅಥವಾ 700 ಗ್ರಾಂ ಸಕ್ಕರೆ ಬೇಕು. ನಿಂಬೆರಸವನ್ನು ಇಲ್ಲಿ ಅಂಗಡಿಯ ಬಾಟಲಿಯಿಂದಲೇ ಅಳೆದು ಹಾಕಿ ಎನ್ನುತ್ತೇನೆ; ತಾಜಾ ಹಣ್ಣಿನ ರುಚಿ ಹೆಚ್ಚು ಎಂಬುದು ನಿಜವಾದರೂ ಒಂದೊಂದು ಹಣ್ಣಿನ ಹುಳಿ ಒಂದೊಂದು ಮಟ್ಟದ್ದು, ಬಾಟಲಿಯದು ಒಂದೇ ಮಟ್ಟಕ್ಕೆ ಹೊಂದಿಸಿದ್ದು. ರಸಕ್ಕೆ ನಿಂಬೆರಸ ಬೆರೆಸಿದ ಕೂಡಲೇ, ಪೆಕ್ಟಿನ್ ಹಾಕುವ ಮೊದಲು, ಪಿಎಚ್ ನೋಡಿಕೊಳ್ಳಿ. ಪಿಎಚ್ ತೋರಿಸುವ ಪಟ್ಟಿಕಾಗದವನ್ನು ಅದ್ದಿದರೆ ರಸದ ಗಾಢ ಬಣ್ಣವೇ ಅಂಟಿಕೊಂಡು ಅಳತೆ ಗೊಂದಲವಾಗುತ್ತದೆ, ಆದ್ದರಿಂದ ಸಣ್ಣದೊಂದು ಪಿಎಚ್ ಮೀಟರ್ ಕೊಳ್ಳುವುದು ಒಳ್ಳೆಯದು. 3.4ಕ್ಕಿಂತ ಮೇಲಿದ್ದರೆ ಚಮಚ ಚಮಚವಾಗಿ ನಿಂಬೆರಸ ಸೇರಿಸುತ್ತ ಹೋಗಿ.

ಅಗಲವಾದ, ಎತ್ತರದ ಪಾತ್ರೆಯಲ್ಲಿ ರಸ, ನಿಂಬೆರಸ, ಪೆಕ್ಟಿನ್ ಪುಡಿ ಮೂರನ್ನೂ ಗಂಟಿಲ್ಲದಂತೆ ಕಲಸಿ, ದೊಡ್ಡ ಉರಿಯಲ್ಲಿ ತಿರುವುತ್ತ ಕುದಿ ಬರಿಸಬೇಕು. ಸಕ್ಕರೆಯನ್ನು ಮೊದಲೇ ಹಾಕಿದರೆ ನೀರಿಗಾಗಿ ಅದರೊಂದಿಗೆ ಪೈಪೋಟಿಗಿಳಿಯಬೇಕಾದ ಪೆಕ್ಟಿನ್ ಸರಿಯಾಗಿ ಕರಗುವುದಿಲ್ಲ. ಪುಡಿ ಪೆಕ್ಟಿನ್ ಬಳಸುವಾಗ ಈ ಅನುಕ್ರಮ ತಪ್ಪಬಾರದು. ಕುದಿ ಬಂದ ಮೇಲೆ ಸಕ್ಕರೆಯನ್ನೆಲ್ಲ ಒಮ್ಮೆಲೇ ಸುರಿದು, ಸೌಟಿನಿಂದ ತಿರುವಿದರೂ ಅಡಗದಂಥ ಕುದಿ ಮತ್ತೆ ಬಂದಾಗಿನಿಂದ ಗಡಿಯಾರ ನೋಡಿಕೊಂಡು ಒಂದರಿಂದ ಮೂರು ನಿಮಿಷ, ಪೊಟ್ಟಣದ ಮೇಲೆ ಹೇಳಿರುವಷ್ಟು ಮಾತ್ರ, ಕುದಿಸಿ ಇಳಿಸಬೇಕು. ಎರಡು ಪಾಲನ್ನು ಒಂದೇ ಪಾತ್ರೆಯಲ್ಲಿ ಮಾಡುವ ಆಸೆ ಬೇಡ. ಹೆಚ್ಚು ರಸ ಕುದಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಪೆಕ್ಟಿನ್ ಸರಪಳಿಗಳು ತುಂಡಾಗುತ್ತವೆ, ಬಣ್ಣವೂ ಇಳಿಯುತ್ತದೆ. ನಾನು ಕಂಡಿರುವ ಕೆಟ್ಟ ಜೆಲ್ಲಿಗಳಲ್ಲಿ ಬಹಳಷ್ಟು ಹೀಗೆ ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಮಾಡಹೊರಟು ಕೆಟ್ಟವು.

ನೊರೆ ತೆಗೆದು, ಬಿಸಿಯಾಗಿರುವಾಗಲೇ ಕುದಿಸಿ ಶುದ್ಧಮಾಡಿದ ಬಾಟಲಿಗಳಿಗೆ ಬಾಯಿಂದ ಅರ್ಧ ಬೆರಳಿಗಿಂತ ಕಡಿಮೆ, ಸುಮಾರು 6 ಮಿಲಿಮೀಟರ್ ಜಾಗ ಬಿಟ್ಟು ತುಂಬಿ, ಅಂಚನ್ನು ಒರೆಸಿ, ಮುಚ್ಚಳ ಹಾಕಿ, ಬಾಟಲಿ ಮುಳುಗುವಷ್ಟು ಕುದಿಯುವ ನೀರಿನಲ್ಲಿ ಇಡಬೇಕು. ಸಮುದ್ರಮಟ್ಟದ ಊರುಗಳಲ್ಲಿ 5 ನಿಮಿಷ ಸಾಕಾಗುತ್ತದೆ. ಟೂಸಾನ್ ಸುಮಾರು 730 ಮೀಟರ್ ಎತ್ತರದಲ್ಲಿದ್ದು ಅಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುವುದರಿಂದ 10 ನಿಮಿಷ ಬೇಕು. ಹೊರತೆಗೆದ ಮೇಲೆ ಒಂದು ದಿನ ಅಲುಗಿಸಬೇಡಿ. ಅಳತೆ ಸರಿಯಿದ್ದೂ ಮರುದಿನ ಸಡಿಲವಾಗಿ ಕಂಡರೆ ಅವಸರದಿಂದ ಮತ್ತೆ ಕುದಿಸಬೇಡಿ. ಕೆಲವು ಜೆಲ್ಲಿ ಪೂರ್ತಿ ಕಟ್ಟಲು ಎರಡು ವಾರದವರೆಗೂ ತೆಗೆದುಕೊಳ್ಳುತ್ತದೆ. ಆಗಲೂ ಕಟ್ಟದಿದ್ದರೆ, ನಾಲ್ಕು ಕಪ್ ಜೆಲ್ಲಿಗೆ ಅರ್ಧ ಕಪ್ ನೀರು, ಎರಡು ದೊಡ್ಡ ಚಮಚ ನಿಂಬೆರಸ, ನಾಲ್ಕು ಸಣ್ಣ ಚಮಚ ಪೆಕ್ಟಿನ್ ಪುಡಿ ಇವನ್ನು ಕುದಿಗೆ ತಂದು, ಅದಕ್ಕೆ ಜೆಲ್ಲಿಯನ್ನೂ ಕಾಲು ಕಪ್ ಸಕ್ಕರೆಯನ್ನೂ ಸೇರಿಸಿ, ಜೋರು ಕುದಿಯಲ್ಲಿ ಅರ್ಧ ನಿಮಿಷ ಇರಿಸಿ, ಹೊಸ ಮುಚ್ಚಳ ಹಾಕಿ ಹಿಂದಿನಂತೆಯೇ ಕುದಿನೀರಿನಲ್ಲಿ ಇಡಬಹುದು. ಬಾಟಲಿಗಳನ್ನು ಬೆಳಕು ಬೀಳದ ಕಡೆ ಇಡಿ, ಬೆಳಕಿಗೂ ಈ ಬಣ್ಣ ಮಾಸುತ್ತದೆ.

ಸಕ್ಕರೆ, ಪೆಕ್ಟಿನ್ ಎರಡನ್ನೂ ಹೊರಗಿನಿಂದ ತರದೆ ಕಳ್ಳಿಹಣ್ಣನ್ನು ಕಾಪಿಡುವ ಹಳೆಯ ದಾರಿಯೊಂದು ಮೆಕ್ಸಿಕೋದ ಸಾನ್ ಲುಯಿಸ್ ಪೊಟೊಸಿ, ಸಕಾಟೆಕಸ್ ಸೀಮೆಯ ಜನರಲ್ಲಿದೆ. ಅಲ್ಲಿ ಕಳ್ಳಿಹಣ್ಣಿಗೆ ತುನಾ ಎಂದು ಹೆಸರು. ಅದರ ರಸವನ್ನು ಗಂಟೆಗಟ್ಟಲೆ ಬತ್ತಿಸಿ, ನಾದಿ, ಅಚ್ಚಿನಲ್ಲಿ ಕೂರಿಸಿ ನಮ್ಮ ಅಚ್ಚುಬೆಲ್ಲವನ್ನು ಹೋಲುವ ಕಂದು ಬಿಲ್ಲೆಗಳನ್ನು ಮಾಡುತ್ತಾರೆ. ಅದನ್ನು ತುನಾದ ಗಿಣ್ಣು ಎಂಬರ್ಥ ಬರುವಂತೆ ಕೇಸೊ ದೆ ತುನಾ ಎನ್ನುತ್ತಾರೆ. ಅಲ್ಲಿ ಹಣ್ಣಿನ ಸಕ್ಕರೆಯೇ ದಟ್ಟಗೊಂಡು ಕಾಯುತ್ತದೆ, ಬಣ್ಣ ಹೋಗುತ್ತದೆ. ಜೆಲ್ಲಿಯ ಹೊಳಪು ಬೇಕೆನ್ನುವವರಿಗೆ ಆ ದಾರಿಯಿಲ್ಲ.

ಚಳ್ಳಕೆರೆಯ ಅತ್ತೆಯವರ ವಿಷಯಕ್ಕೆ ಬಂದರೆ, ಖಂಡಿತ ಮಾಡಬಹುದು, ಆದರೆ ನಿಮ್ಮ ಅಳತೆಯನ್ನು ಅವರಿಗೆ ಹಾಗೆಯೇ ಕಳಿಸಬೇಡಿ. ಕಳ್ಳಿಗಳಲ್ಲಿ ನಮ್ಮ ಚಪ್ಪಟೆ ಪಾಪಸುಕಳ್ಳಿಯೂ ಅಮೆರಿಕ ಖಂಡದಿಂದ ಬಂದದ್ದೇ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಸಾಕುವ ಆಸೆಯಿಂದ ಬ್ರಿಟಿಷರು ಭಾರತದಲ್ಲಿ ಕಳ್ಳಿ ಬೆಳೆಸಿದರು. 1795ರಲ್ಲಿ ತಂದ ಹುಳು ಬೇಕಾದ ಜಾತಿಯದಾಗಿರದೆ, ಬಣ್ಣಕ್ಕೆ ಒದಗದೆ ಒಂದು ಜಾತಿಯ ಕಳ್ಳಿಯನ್ನೇ ತಿಂದು ಕಡಿಮೆ ಮಾಡಿತು. ಹೊಲಗಳಿಗೆ ಹಬ್ಬಿದ್ದ ಇನ್ನೊಂದು ಜಾತಿಯನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಬಗೆಯ ಕೊಚಿನೀಲ್ ಹುಳುವನ್ನು ತಂದು ದಕ್ಷಿಣ ಭಾರತದಲ್ಲಿ ಬಿಟ್ಟರು. ಹಳದಿ ಹೂವಿನ, ನೇರಳೆಗೆಂಪು ಹಣ್ಣಿನ ಈ ಎರಡನೆಯ ಜಾತಿಯೇ ಅಲ್ಲಲ್ಲಿ ಬೇಲಿಯಲ್ಲಿ, ಬದುವಿನಲ್ಲಿ ಉಳಿದಿರುವುದು. ಇದರ ಹಣ್ಣು ಚಿಕ್ಕದು, ತಿರುಳು ಕಡಿಮೆ, ಆದರೆ ಹುಳಿ ನಿಮ್ಮ ಹಿತ್ತಲ ಹಣ್ಣಿಗಿಂತ ಸ್ಪಷ್ಟವಾಗಿ ಹೆಚ್ಚು. ಹೀಗಾಗಿ ಅವರಿಗೆ ನಿಂಬೆರಸ ಕಡಿಮೆ ಬೇಕಾಗಬಹುದು. ಎಷ್ಟು ಎಂಬುದನ್ನು ಮೀಟರೇ ಹೇಳಬೇಕು. ಮೀಟರ್ ಇಲ್ಲದಿದ್ದರೆ ನಿಂಬೆರಸದ ಪೂರ್ಣ ಅಳತೆಯನ್ನೇ ಹಾಕಲಿ, ಜೆಲ್ಲಿ ತುಸು ಹುಳಿಯಾದರೂ ಕೇಡಿಲ್ಲ. ಕಳೆನಾಶಕ ಹೊಡೆದ ಬದುವಿನ ಹಣ್ಣನ್ನು ಮಾತ್ರ ಮುಟ್ಟಬಾರದು.

ಪೆಕ್ಟಿನ್ ಪುಡಿ ಚಳ್ಳಕೆರೆಯ ಅಂಗಡಿಯಲ್ಲಿ ಸುಲಭಕ್ಕೆ ಸಿಗಲಾರದು. ಅದರ ಬದಲು ಸೀಬೆಹಣ್ಣಿದೆ. ದೋರಗಾಯಿ ಹದದ ಸೀಬೆಯನ್ನು ತೆಳ್ಳಗೆ ಹೆಚ್ಚಿ, ಮುಳುಗುವಷ್ಟೇ ನೀರು ಹಾಕಿ, ಒಂದು ಕಿಲೋಗೆ ಒಂದು ಸಣ್ಣ ಚಮಚದಷ್ಟು ನಿಂಬೆರಸ ಬೆರೆಸಿ ಅರ್ಧ ಗಂಟೆ ಮೆಲ್ಲಗೆ ಬೇಯಿಸಿ, ಹಿಂಡದೆ ಬಟ್ಟೆಯಲ್ಲಿ ತೂಗುಹಾಕಿದರೆ ಪೆಕ್ಟಿನ್ ತುಂಬಿದ ತಿಳಿ ಇಳಿಯುತ್ತದೆ. ಅದನ್ನು ಪರೀಕ್ಷಿಸಲು ಒಂದು ಚಮಚ ತಣ್ಣಗಿನ ತಿಳಿಗೆ ಮೂರು ಚಮಚ ಸ್ಪಿರಿಟ್ ಬೆರೆಸಿ ಐದು ನಿಮಿಷ ಬಿಡಬೇಕು. ಒಂದೇ ಗಟ್ಟಿ ಮುದ್ದೆಯಾಗಿ ಕೂಡಿಕೊಂಡರೆ ಪೆಕ್ಟಿನ್ ಸಾಕಷ್ಟಿದೆ, ಚೂರುಚೂರಾದರೆ ಸಾಲದು. ಸ್ಪಿರಿಟ್ ಬೆರೆಸಿದ್ದನ್ನು ಬಾಯಿಗೆ ಹಾಕಬಾರದು, ಚೆಲ್ಲಬೇಕು. ಈ ತಿಳಿ ಎರಡು ಪಾಲು, ಕಳ್ಳಿಹಣ್ಣಿನ ರಸ ಒಂದು ಪಾಲು, ಒಟ್ಟು ಒಂದು ಲೀಟರಿಗೆ ಮುಕ್ಕಾಲು ಕಿಲೋ ಸಕ್ಕರೆ ಮತ್ತು ಮೇಲೆ ಹೇಳಿದ ಲೆಕ್ಕದಲ್ಲಿ ನಿಂಬೆರಸ ಸೇರಿಸಿ ಕುದಿಸಲಿ. ಬಣ್ಣ ಉಳಿಯಬೇಕಾದ್ದರಿಂದ ಕಳ್ಳಿಯ ರಸವನ್ನು ಮೊದಲಿಗೇ ಸೇರಿಸದೆ, ಸೀಬೆಯ ತಿಳಿ ಮತ್ತು ಸಕ್ಕರೆ ದಪ್ಪಗಾದ ಮೇಲೆ ಹಾಕುವುದು ಒಳ್ಳೆಯದು.

ಇಲ್ಲಿ ಗಡಿಯಾರಕ್ಕಿಂತ ಶಾಖವೇ ಗುರುತು. ಅವರ ಊರಿನಲ್ಲಿ ಬರಿಯ ನೀರು ಯಾವ ಶಾಖದಲ್ಲಿ ಕುದಿಯುತ್ತದೆಂಬುದನ್ನು ಮೊದಲು ಥರ್ಮಾಮೀಟರಿನಲ್ಲಿ ನೋಡಿಕೊಂಡು, ಪಾಕ ಅದಕ್ಕಿಂತ ನಾಲ್ಕೂವರೆ ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಇಳಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಸೌಟನ್ನು ಅದ್ದಿ ಎತ್ತಿ ಓರೆಯಾಗಿ ಹಿಡಿಯಲಿ. ಮೊದಮೊದಲು ಪಾಕ ಹನಿಹನಿಯಾಗಿ ಬೀಳುತ್ತದೆ. ಹದ ಬಂದಾಗ ಎರಡು ಹನಿಗಳು ಅಂಚಿನಲ್ಲಿ ಕೂಡಿಕೊಂಡು, ಹಾಳೆಯಂತೆ ಜಾರಿ, ಒಮ್ಮೆಲೇ ಕಳಚಿ ಬೀಳುತ್ತವೆ. ಅಷ್ಟು ವರ್ಷಗಳಿಂದ ಪಾಕದ ಎಳೆ ನೋಡಿ ಅಭ್ಯಾಸವಿರುವ ಅತ್ತೆಯವರ ಕಣ್ಣಿಗೆ ಇದು ಮೊದಲ ಸಲವೇ ಸಿಕ್ಕುತ್ತದೆ ಎಂದು ನನಗೆ ನಂಬಿಕೆಯಿದೆ. ಮೊದಲ ಸಲ ಅರ್ಧ ಲೀಟರಿನಷ್ಟು ಮಾತ್ರ ಮಾಡಿ, ಫ್ರಿಜ್ಜಿನಲ್ಲಿಟ್ಟು ನೋಡಲು ಹೇಳಿ; ನಿಮ್ಮ ಮೀಟರನ್ನು ಮುಂದಿನ ಸಲ ಊರಿಗೆ ಬರುವಾಗ ತಂದು ಅವರ ಹಣ್ಣಿನ ರಸವನ್ನು ಅಳೆದ ಮೇಲೆ ಕಪಾಟಿನಲ್ಲಿಡುವ ಯೋಚನೆ ಮಾಡಬಹುದು.